ಎರಡು ಸಾವಿರ ರೂಪಾಯಿಯ ಒಂದು ದಿನ

ನಾನು ಕುಮಟಾ ತಾಲೂಕಿನ ಶಾಲೆಗಳಲ್ಲಿ 34 ವರ್ಷ ಅಕ್ಕೋರಾಗಿದ್ದವಳು. ನಿವೃತ್ತಿಯಾದ ಮೇಲೆ ನಮ್ಮ ದೇವಸ್ಥಾನದ ಭಜನಾ ಮಂಡಳಿಯ ಖಜಾಂಚಿ ಕೆಲಸ ತಲೆಗೆ ಬಂತು. ಆಗ ಲೆಕ್ಕ ಅಂದರೆ ಏನಿತ್ತು? ಹಾರ್ಮೋನಿಯಂ ರಿಪೇರಿ, ಸಪ್ತಾಹದ ಅವಲಕ್ಕಿ ಬೆಲ್ಲ, ಮೈಕಿನವನ ಬಾಕಿ. ನೂರು ಪುಟದ ಒಂದು ನೋಟುಬುಕ್ಕು ಎರಡು ವರ್ಷ ಬರುತ್ತಿತ್ತು. ಈಗ ಅದೇ ಮಂಡಳಿಯವರು ಸೇರಿ ಒಂದು ಬಾಡಿಗೆ ಮನೆ ನಡೆಸುತ್ತಿದ್ದೇವೆ. ಗಂಡನ ಮನೆಯಲ್ಲಿ ಹೊಡೆತ ತಿಂದು ಹೊರಗೆ ಬಂದ ಹೆಂಗಸರು ಮಕ್ಕಳ ಜೊತೆ ಮೂರು ತಿಂಗಳಿಂದ ಒಂಬತ್ತು ತಿಂಗಳ ತನಕ ಅಲ್ಲಿರುತ್ತಾರೆ. ಕೆಲಸ ಹುಡುಕಿಕೊಂಡು, ಸ್ವಂತಕ್ಕೊಂದು ರೂಮು ಮಾಡಿಕೊಂಡು ಹೋಗುತ್ತಾರೆ. ಇದಕ್ಕೆ ದುಡ್ಡು ಹೇಗೆ ಹೊಂದಿಸುತ್ತೀರಿ ಅಂತ ಬೇರೆ ಊರಿನ ಮಂಡಳಿಯವರು ಕೇಳುತ್ತಿರುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಬರೆದೇ ಬಿಡುತ್ತೇನೆ.

ಶುರುವಾದದ್ದು 2021ರ ಮಳೆಗಾಲದಲ್ಲಿ. ನಮ್ಮ ಜೊತೆ ತಾಳ ಹಾಕುತ್ತಿದ್ದ ಒಬ್ಬರ ತಂಗಿಯ ಮಗಳು ರಾತ್ರೋರಾತ್ರಿ ಮನೆ ಬಿಟ್ಟು ಕಾರವಾರದ ‘ಸಖಿ’ ಕೇಂದ್ರ ಸೇರಿದಳು. ಸಖಿಯಲ್ಲಿ ಚಿಕಿತ್ಸೆ, ವಕೀಲರು, ಪೊಲೀಸ್ ನೆರವು ಎಲ್ಲ ಒಂದೇ ಕಡೆ ಸಿಗುತ್ತದೆ. ಆದರೆ ಉಳಿಯಲು ಅವಕಾಶ ಐದು ದಿನ. ಅದನ್ನು ಮಾಡಿದ್ದೇ ತುರ್ತಿಗೆ, ತಪ್ಪೇನಿಲ್ಲ. ಆರನೇ ದಿನ ಅವಳು ಎಲ್ಲಿಗೆ ಹೋಗಬೇಕು? ತವರಿನಲ್ಲಿ ತಮ್ಮನ ಮದುವೆ ಮಾತುಕತೆ ನಡೆಯುತ್ತಿತ್ತು. ಜಾಗ ಇಲ್ಲ ಅಂದರು. ಜಾಗ ಅಂದರೆ ಕೋಣೆ ಅಲ್ಲ, ಗೊತ್ತಾಯಿತಲ್ಲ. ಬಂದ ದಾರಿಯಲ್ಲೇ ವಾಪಸ್ ಹೋದಳು. ಮತ್ತೆ ಹದಿನೈದು ದಿನಕ್ಕೆ ತಲೆಗೆ ಹೊಲಿಗೆ ಬಿತ್ತು.

ಆ ಶನಿವಾರ ಭಜನೆ ಮುಗಿದ ಮೇಲೆ ಯಾರೂ ಏಳಲಿಲ್ಲ. ‘ನಾವೇ ಒಂದು ಮನೆ ಮಾಡಬಹುದಲ್ವಾ’ ಅಂತ ಮೊದಲು ಹೇಳಿದ್ದು ತಾವೇ ಎಂದು ಈಗ ಮೂರು ಜನ ಹೇಳಿಕೊಳ್ಳುತ್ತಾರೆ. ನಾನಂತೂ ಅಲ್ಲ. ನಾನು ದುಡ್ಡೆಲ್ಲಿಂದ ಅಂತ ಕೇಳಿದವಳು.

ಮನೆ ಅಂದ ಕೂಡಲೇ ಎಲ್ಲರ ತಲೆಗೆ ಬಂದದ್ದು ಕಟ್ಟಡ. ಇಲ್ಲೇ ನಾವು ಎಡವಿದ್ದು. ಒಬ್ಬ ಭಕ್ತರು ನಾಲ್ಕು ಗುಂಟೆ ಕೊಡುತ್ತೇನೆ ಅಂದರು. ಎದುರಿಗೆ ತಂದೆಯ ಹೆಸರು ಬರೆದ ಅಮೃತಶಿಲೆ ಹಾಕಬೇಕು, ಅಷ್ಟೇ ಷರತ್ತು. ಎಂಜಿನಿಯರ್ 42 ಲಕ್ಷದ ಅಂದಾಜು ಕೊಟ್ಟರು. ರಸೀದಿ ಪುಸ್ತಕದ ಮೇಲೆ ಕಟ್ಟಡದ ಬಣ್ಣದ ಚಿತ್ರ ಅಚ್ಚಾಯಿತು. ಮೂರೇ ವಾರಕ್ಕೆ 3 ಲಕ್ಷದ 70 ಸಾವಿರ ಬಂತು! ನಮ್ಮ ಕಡೆ ಕಟ್ಟಡಕ್ಕೆ ಕೇಳುವುದು ಸುಲಭ. ಗರ್ಭಗುಡಿ, ಸಭಾಮಂಟಪ, ಪಾಕಶಾಲೆ ಅಂತ ಕೊಟ್ಟು ಜನಕ್ಕೆ ರೂಢಿ. ಕಲ್ಲಿನ ಮೇಲೆ ಹೆಸರು ಬರುತ್ತದಲ್ಲ.

ಆಮೇಲೆ ಪಹಣಿ ತೆಗೆಸಿದೆವು. ಅದನ್ನು ಮೊದಲೇ ತೆಗೆಸಬೇಕಿತ್ತು. ಜಾಗ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿ. ಮುಂಬೈಯಲ್ಲಿದ್ದ ಒಬ್ಬರು ಸಹಿ ಹಾಕಲು ಒಪ್ಪಲಿಲ್ಲ. ಅದು ಬೇಸಾಯದ ಜಮೀನು, ಬೇಸಾಯೇತರ ಅಂತ ಪರಿವರ್ತನೆ, ಅಂದರೆ ಎನ್‌ಎ ಆಗಿರಲಿಲ್ಲ. ಒಂದು ಮೂಲೆ ಹೊಳೆಗೆ ಹತ್ತಿರ, ಕಟ್ಟಡಕ್ಕೆ ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ಗೆರೆಯ ಒಳಗೆ. ಹನ್ನೊಂದು ತಿಂಗಳು ಓಡಾಡಿದೆವು. ಅಷ್ಟು ದಿನದಲ್ಲಿ ಒಬ್ಬಳೇ ಒಬ್ಬಳು ಹೆಂಗಸು ನಮ್ಮ ಸೂರಿನ ಕೆಳಗೆ ಒಂದು ರಾತ್ರಿ ಮಲಗಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಕಟ್ಟಡಕ್ಕೆಂದು ಕೊಟ್ಟ ದುಡ್ಡನ್ನು ಬಾಡಿಗೆಗೆ ಬಳಸಲು ನಮಗೆ ಅಧಿಕಾರ ಇರಲಿಲ್ಲ. ಕೊಟ್ಟವರು 64 ಜನ. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ‘ಕಟ್ಟಡ ಸದ್ಯಕ್ಕಿಲ್ಲ. ಬಾಡಿಗೆ ಮನೆಗೆ ಬಳಸಬಹುದಾ, ವಾಪಸ್ ಕೊಡಲಾ?’ ಒಂಬತ್ತು ಜನ ವಾಪಸ್ ಕೇಳಿದರು. ಸಹಿ ಪಡೆದು ಕೊಟ್ಟೆವು. ಮಂಡಳಿಯಲ್ಲಿ ಕೆಲವರಿಗೆ ಇದು ನಾಚಿಕೆ ಅನಿಸಿತು. ನಾನು ಹಟ ಹಿಡಿದೆ. ಆ ಒಂಬತ್ತರಲ್ಲಿ ಆರು ಜನ ಆಮೇಲೆ ತಾವಾಗಿ ಬಂದು ದುಡ್ಡು ಕೊಟ್ಟಿದ್ದಾರೆ.

ಬಾಡಿಗೆ ಮನೆ ಸಿಗುವುದೂ ಕಷ್ಟವಾಯಿತು. ಯಾರು ಇರುತ್ತಾರೆ ಅಂತ ಗೊತ್ತಾದ ಮೇಲೆ ಮೂವರು ಮಾಲೀಕರು ಹಿಂದೆ ಸರಿದರು. ಕೊನೆಗೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿರುವ ಒಬ್ಬ ಅಜ್ಜಿ ತಮ್ಮ ಮನೆಯ ದೊಡ್ಡ ಭಾಗ ಬಿಟ್ಟುಕೊಟ್ಟರು. 2022ರ ನವೆಂಬರಿನಲ್ಲಿ ಒಲೆ ಹಚ್ಚಿದೆವು.

ಆಗ ನಿಜವಾದ ಲೆಕ್ಕ ಶುರುವಾಯಿತು. ತಿಂಗಳಿಗೆ ಬಾಡಿಗೆ 12,000. ಹಗಲಿಗೊಬ್ಬರು, ರಾತ್ರಿಗೊಬ್ಬರು ನೋಡಿಕೊಳ್ಳುವವರು, ಇಬ್ಬರಿಗೂ ಸೇರಿ 20,000. ಅಕ್ಕಿ, ಕಿರಾಣಿ, ಹಾಲು 14,000. ಕರೆಂಟು, ಗ್ಯಾಸು 3,500. ಔಷಧಿ ಮತ್ತು ಕೋರ್ಟಿಗೆ, ಕಾರವಾರಕ್ಕೆ ಬಸ್ಸು 2,500. ಸಣ್ಣಪುಟ್ಟದ್ದು ಒಂದು ಸಾವಿರ. ಹೊರಡುವವರಿಗೆ ರೂಮಿನ ಅಡ್ವಾನ್ಸ್, ಒಲೆ, ಪಾತ್ರೆಗೆಂದು 7,000 ತೆಗೆದಿಡಬೇಕು. ಅದಿಲ್ಲದಿದ್ದರೆ ಅವರು ಹೊರಡುವುದೇ ಇಲ್ಲ, ಹೊಸಬರಿಗೆ ಜಾಗ ಆಗುವುದಿಲ್ಲ. ಒಟ್ಟು 60,000. ಸೊಳ್ಳೆಬತ್ತಿಗೆ, ಗ್ಯಾಸಿಗೆ ಕೊಡಿ ಅಂದರೆ ಯಾರು ಕೊಡುತ್ತಾರೆ ಹೇಳಿ?

ಒಂದು ಸಹಾಯಾರ್ಥ ಯಕ್ಷಗಾನ ಮಾಡಿಸಿದೆವು. ಆರು ವಾರ ಮನೆ ಮನೆಗೆ ಟಿಕೆಟ್ ಹೊತ್ತು ತಿರುಗಿ 1,46,000 ಒಟ್ಟಾಯಿತು. ಮೇಳ, ರಂಗಸ್ಥಳ, ಲೈಟು, ಊಟ ಕಳೆದು ಉಳಿದದ್ದು 11,000. ಆಟ ಮಾತ್ರ ಭರ್ಜರಿಯಾಗಿತ್ತು. ಅದಕ್ಕಿಂತ ಚೌತಿಯ ಫಲಾವಳಿ ಸವಾಲೇ (ದೇವರ ಮೇಲೆ ಕಟ್ಟಿದ ಹಣ್ಣು ತರಕಾರಿಯ ಹರಾಜು) ವಾಸಿ. ದೇವರ ಮೇಲೆ ಕಟ್ಟಿದ ಒಂದು ಮೊಗೆಕಾಯಿ 6,200ಕ್ಕೆ ಹೋಯಿತು, ನಮಗೆ ಖರ್ಚು ಸೊನ್ನೆ.

ದಾರಿ ಹೊಳೆದದ್ದು ದೇವಸ್ಥಾನದ ಕಂಬದ ಮೇಲೆ. ಅಲ್ಲಿ ಕಾಯಂ ಪೂಜೆಯ ಪಟ್ಟಿ ತೂಗುಹಾಕಿರುತ್ತಾರೆ. ಇಂಥ ದಿನದ ಪೂಜೆ ಇಂಥ ಮನೆಯವರದು. ಅಜ್ಜನ ಕಾಲದಿಂದ ಬಂದದ್ದು, ಯಾರೂ ತಪ್ಪಿಸುವುದಿಲ್ಲ. 60,000 ಭಾಗ 30 ಅಂದರೆ ದಿನಕ್ಕೆ 2,000. ಒಂದು ದಿನ ಆ ಮನೆ ನಿಮ್ಮದು. ಆವತ್ತಿನ ಬಾಡಿಗೆ, ಅನ್ನ, ಕಾವಲು, ಎಲ್ಲ ನಿಮ್ಮ ಲೆಕ್ಕ. ಇಷ್ಟು ಹೇಳಿದರೆ ಸಾಕು, ಜನಕ್ಕೆ ಅರ್ಥವಾಗುತ್ತದೆ. ಸೊಳ್ಳೆಬತ್ತಿಯ ಮಾತೇ ಬರುವುದಿಲ್ಲ. ಮೊದಲ ವರ್ಷ 365ರಲ್ಲಿ 212 ದಿನ ತುಂಬಿದವು. 2024ರಲ್ಲಿ ಒಬ್ಬರು ಫೆಬ್ರವರಿ 29 ಬರೆದುಕೊಳ್ಳಿ ಅಂದರು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ! ನಕ್ಕು ಬರೆದುಕೊಂಡೆ. ಅದೂ ಒಂದು ದಿನವೇ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಬಿಡಬೇಡಿ. ಮಂಡಳಿಯ ಲೆಕ್ಕಕ್ಕೆ ಮನೆಯ ಲೆಕ್ಕ ಬೆರೆಸಬಾರದು ಅಂತ ಆಡಿಟರ್ ಮೊದಲ ದಿನವೇ ಹೇಳಿದರು. 80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ, ಇರುವ ಟ್ರಸ್ಟು ವರ್ಷದ ಆದಾಯದ 5 ಪ್ರತಿಶತಕ್ಕಿಂತ ಜಾಸ್ತಿ ಧಾರ್ಮಿಕ ಕೆಲಸಕ್ಕೆ ಖರ್ಚು ಮಾಡುವಂತಿಲ್ಲ. ಸಪ್ತಾಹದ ಖರ್ಚು ಅದರೊಳಗೆ ನುಗ್ಗಿದರೆ ಕಥೆ ಮುಗಿಯಿತು. ಹಾಗಾಗಿ ಬೇರೆಯೇ ಟ್ರಸ್ಟ್ ಮಾಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, 12ಎ (ಟ್ರಸ್ಟಿನ ಆದಾಯಕ್ಕೇ ತೆರಿಗೆ ವಿನಾಯಿತಿ) ಮತ್ತು 80ಜಿಗೆ ಅರ್ಜಿ ಹಾಕಿದೆವು.

ಟ್ರಸ್ಟಿನ ಪತ್ರ, ಡೀಡ್ ಬರೆಯುವಾಗ ಒಂದು ಜಗಳವೂ ಆಯಿತು. ‘ನಮ್ಮವರಿಗೆ ಮಾತ್ರ’ ಅಂತ ಬರೆಸಬೇಕು ಎಂದು ಇಬ್ಬರು ಹಿರಿಯರು ಕೂತುಬಿಟ್ಟರು. ನಾನು ಧರ್ಮ ಕರ್ಮ ಎಲ್ಲ ಹೇಳಿ ನೋಡಿದೆ, ಜಗ್ಗಲಿಲ್ಲ. ಒಂದೇ ಜಾತಿಗೋ ಒಂದೇ ಧರ್ಮದವರಿಗೋ ಮೀಸಲು ಅಂತ ಬರೆದರೆ 80ಜಿ ಸಿಗುವುದಿಲ್ಲ ಅಂತ ಆಡಿಟರ್ ಕಾಯ್ದೆ ತೋರಿಸಿದರು. ಐದು ನಿಮಿಷಕ್ಕೆ ಒಪ್ಪಿಕೊಂಡರು. ಯಾವ ಬಾಯಿಂದ ಆದರೇನು, ಆಯಿತಲ್ಲ. ಮನೆಯಲ್ಲಿ ಎಲ್ಲರೂ ಇದ್ದು ಹೋಗಿದ್ದಾರೆ. ಭಜನೆಗೆ ಬರಲೇಬೇಕು ಅಂತ ಯಾರಿಗೂ ಇಲ್ಲ. ಒಬ್ಬ ಕ್ರಿಶ್ಚಿಯನ್ ಹುಡುಗಿ ಮಾತ್ರ ಹಾರ್ಮೋನಿಯಂ ಆಸೆಗೆ ತಾನಾಗಿ ಬರುತ್ತಿದ್ದಳು. ನಮ್ಮವರಿಗಿಂತ ಚೆನ್ನಾಗಿ ನುಡಿಸುತ್ತಿದ್ದಳು.

ನಗದು 2,000 ಮೀರಿದರೆ ಕೊಟ್ಟವರಿಗೆ 80ಜಿ ವಿನಾಯಿತಿ ಇಲ್ಲ. ನಮ್ಮ ಒಂದು ದಿನದ ದರ ಸರಿಯಾಗಿ ಅಲ್ಲಿಗೇ ನಿಂತಿದೆ, ದೇವರ ದಯೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ವಿನಾಯಿತಿಯೇ ಇಲ್ಲ. ನಮ್ಮಲ್ಲಿ ಕೊಡುವವರು ಅದನ್ನು ನೋಡಿ ಕೊಡುವುದೂ ಇಲ್ಲ ಬಿಡಿ. ಹುಂಡಿ ಇಡಬೇಡಿ. ಇಂಥ ಟ್ರಸ್ಟಿಗೆ ಹೆಸರಿಲ್ಲದ ದೇಣಿಗೆ ಒಂದು ಮಿತಿ ದಾಟಿದರೆ, ದಾಟಿದ ಭಾಗಕ್ಕೆ 30 ಪ್ರತಿಶತ ತೆರಿಗೆ. ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸರು ಐವತ್ತು, ನೂರು ಕೊಟ್ಟರೂ ಹೆಸರು ವಿಳಾಸ ಬರೆದೇ ರಸೀದಿ ಕೊಡುತ್ತೇನೆ. ‘ಅಕ್ಕೋರೇ, ಇದೆಂತಕ್ಕೆ, ಐವತ್ತು ರೂಪಾಯಿಗೆ?’ ಅಂತ ನಗುತ್ತಾರೆ. ಆದರೆ ರಸೀದಿಯನ್ನು ಜೋಪಾನವಾಗಿ ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ವರ್ಷದ ದೇಣಿಗೆ ಪಟ್ಟಿಯನ್ನು ಮೇ 31ರೊಳಗೆ ಆನ್‌ಲೈನ್ ಸಲ್ಲಿಸಬೇಕು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಕಲಂ ನಂಬರುಗಳು ಬೇರೆ. ನಿಮ್ಮ ಆಡಿಟರನ್ನೇ ಕೇಳಿಕೊಳ್ಳಿ.

ನನ್ನದೇ ಒಂದು ತಪ್ಪು ಹೇಳಬೇಕು. ಟ್ರಸ್ಟಿನ ಬ್ಯಾಂಕ್ ಖಾತೆ ಆಗುವ ತನಕ ಎರಡು ತಿಂಗಳು ದುಡ್ಡು ನನ್ನ ಸ್ವಂತ ಯುಪಿಐಗೆ ಬಂತು. ಒಂದು ರೂಪಾಯಿ ಆಚೀಚೆ ಆಗಿರಲಿಲ್ಲ. ಆದರೂ ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು. ಕೇಳಿದ್ದು ಸರಿ. ಪಾಸ್‌ಬುಕ್ ತಂದು ಎಲ್ಲರೆದುರು ಓದಿದೆ. ಓದುವಾಗ ನನ್ನ ಪಿಂಚಣಿ, ಮಗ ಕಳಿಸಿದ ದುಡ್ಡು ಎಲ್ಲ ಊರಿಗೆ ಗೊತ್ತಾಯಿತು. ಖಾತೆ ಆಗುವ ಮೊದಲು ಒಂದು ಪೈಸೆಯನ್ನೂ ಮುಟ್ಟಬೇಡಿ.

ಇನ್ನು ಕೊಡುವವರ ಆಸೆ. ಮಗನ ಬರ್ತ್‌ಡೇಗೆ ಆ ಮನೆಗೆ ಹೋಗಿ ಕೇಕ್ ಕತ್ತರಿಸುತ್ತೇವೆ, ನಾವೇ ಬಡಿಸುತ್ತೇವೆ, ಒಂದು ಫೋಟೊ ಬೇಕು. ಆಗುವುದಿಲ್ಲ. ಮನೆಗೆ ಬೋರ್ಡಿಲ್ಲ, ವಿಳಾಸ ಹೇಳುವುದಿಲ್ಲ. ಒಮ್ಮೆ ಒಬ್ಬರು ಹೇಗೋ ಪತ್ತೆ ಹಚ್ಚಿ ಹೋಳಿಗೆ ಡಬ್ಬಿ ಹಿಡಿದು ಬಂದೇಬಿಟ್ಟರು. ಅವರ ಹಿಂದೆ ಬಂದ ಡ್ರೈವರ್ ಒಬ್ಬಳ ಗಂಡನ ಊರಿನವನು. ಆ ರಾತ್ರಿಯೇ ಅವಳನ್ನು ಘಟ್ಟದ ಮೇಲೆ ಸಿರ್ಸಿಯಲ್ಲಿದ್ದ ಪರಿಚಯದವರ ಮನೆಗೆ ಕಳಿಸಬೇಕಾಯಿತು. ಹೋಳಿಗೆ ತಂದವರಿಗೆ ಇದನ್ನು ಹೇಳಿದಾಗ ಪಾಪ, ಅತ್ತುಬಿಟ್ಟರು.

ಫೋಟೊ ಬದಲಿಗೆ ನಾವು ಕೊಡುವುದು ಲೆಕ್ಕ. ಪ್ರತಿ ತಿಂಗಳು 5ನೇ ತಾರೀಕು ಸಭಾಮಂಟಪದ ಕಂಬಕ್ಕೆ ಒಂದು ಹಾಳೆ ಅಂಟಿಸುತ್ತೇನೆ. ಎಷ್ಟು ಹೆಂಗಸರು, ಎಷ್ಟು ಮಕ್ಕಳು, ಅಕ್ಕಿ ಎಷ್ಟು, ಗ್ಯಾಸ್ ಎಷ್ಟು, ಎಷ್ಟು ಜನ ಹೊರಟರು. ಹೆಸರಿಲ್ಲ, ಊರಿಲ್ಲ. ಪೂಜೆಗೆ ಬಂದವರು ನಿಂತು ಓದುತ್ತಾರೆ. ಈ ತನಕ 31 ಹೆಂಗಸರು ಬಂದಿದ್ದಾರೆ. ಗೇರುಬೀಜದ ಫ್ಯಾಕ್ಟರಿ, ಹೊಲಿಗೆ, ಹೋಟೆಲ್ ಅಡುಗೆಮನೆ ಅಂತ ಹೆಚ್ಚಿನವರು ಕೆಲಸ ಹಿಡಿದರು. ಏಳು ಜನ ಗಂಡನ ಮನೆಗೇ ಮರಳಿದರು. ಅದನ್ನೂ ಹಾಳೆಯಲ್ಲಿ ಬರೆಯುತ್ತೇನೆ. ಮುಚ್ಚಿಡಬೇಕಿತ್ತು ಅಂತ ಹೇಳಿದವರಿದ್ದಾರೆ.

ಯಾವಾಗ ಕೇಳಬೇಕು ಅನ್ನುವುದೂ ಕಲಿಯಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬಂದ್. ತದಡಿ ಬಂದರಿನ ಕಡೆ ಆಗ ಕೈ ಒಡ್ಡುವುದು ಪಾಪ. ಘಟ್ಟದ ಮೇಲಿನವರನ್ನು ಅಡಿಕೆ ಮಾರಿದ ಮೇಲೆ ಕೇಳಬೇಕು. ಅದರಲ್ಲೂ ಸಿರ್ಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆ ವರ್ಷ ಮನೆ ತುಂಬ ನೆಂಟರು, ನಮ್ಮ ಫೋನ್ ಎತ್ತುವುದಿಲ್ಲ. ಬೇಸಿಗೆಯಲ್ಲಿ ದುಡ್ಡಿಲ್ಲದವರು ಕುಮಟಾ ಈರುಳ್ಳಿಯ ಜಡೆ ತಂದು ಕೊಡುತ್ತಾರೆ. ಅಡುಗೆಮನೆಯಲ್ಲಿ ತೂಗುಹಾಕಿದರೆ ಮಳೆಗಾಲಕ್ಕೂ ಸಾಕು.

ಆದರೆ ನಮ್ಮನ್ನು ನಿಜವಾಗಿ ಕಾಡಿದ್ದು ಪಂಚಾಂಗ. ನಾನು ಪಟ್ಟಿಯನ್ನು ಇಂಗ್ಲಿಷ್ ತಾರೀಕಿನಂತೆ ಮಾಡಿದ್ದೆ. ಅರ್ಧ ಜನ ತಿಥಿ ಹೇಳಿದರು. ಅಪ್ಪನ ತಿಥಿ ಭಾದ್ರಪದ ಬಹುಳ ಪಂಚಮಿ, ಆ ದಿನ ಕೊಡಿ. ತಿಥಿ ಪ್ರತಿ ವರ್ಷ ಸರಿಯುತ್ತದೆ. ಒಂದೇ ದಿನಕ್ಕೆ ಇಬ್ಬರು, ಮರುದಿನ ಯಾರೂ ಇಲ್ಲ. ಪಿತೃಪಕ್ಷದಲ್ಲಿ ನೂಕುನುಗ್ಗಲು. ಎರಡು ಕಾಲಮ್ಮಿನ ಪುಸ್ತಕ ಮಾಡಿದೆ, ಎಡಗಡೆ ತಾರೀಕು, ಬಲಗಡೆ ತಿಥಿ.

2023ರಲ್ಲಿ ಅಧಿಕ ಶ್ರಾವಣ ಬಂತು. ಜುಲೈ 18ರಿಂದ ಆಗಸ್ಟ್ 16. ಹಬ್ಬ, ವರ್ಷಾಂತಿಕ ಎಲ್ಲ ಅದರ ನಂತರದ ನಿಜ ಮಾಸಕ್ಕೆ ಹೋದವು. ತಿಥಿ ಹಿಡಿದವರಲ್ಲಿ ಒಬ್ಬರದೂ ಆ ತಿಂಗಳಲ್ಲಿ ಬೀಳಲಿಲ್ಲ. ಅದೂ ನಡು ಮಳೆಗಾಲ, ಮೀನಿಲ್ಲ, ಕೂಲಿಯಿಲ್ಲ. ಸುಮಾರು 60,000ದ ತೂತು. ರಾತ್ರಿ ನಿದ್ದೆ ಬರಲಿಲ್ಲ. ಭಟ್ಟರ ಹತ್ತಿರ ಹೇಳಿಕೊಂಡೆ. ‘ಅಕ್ಕೋರೇ, ಅಧಿಕ ಮಾಸ ಅಂದ್ರೆ ದಾನಕ್ಕೇ ಇಪ್ಪುದಲ್ವಾ? ಮೂವತ್ತಮೂರು ಅಪ್ಪ-ಕಜ್ಜಾಯ ಕಟ್ಟಿ ಅಳಿಯಂಗೆ ಕೊಡ್ತ್ರಲೆ, ಅದನ್ನೇ ಕೇಳಿ’ ಅಂದರು. ಮರುದಿನ ಮಂಗಳಾರತಿ ಆದ ಮೇಲೆ ಅವರೇ ಹೇಳಿದರು. 33 ರೂಪಾಯಿ ಕೊಟ್ಟವರುಂಟು, 333 ಕೊಟ್ಟವರುಂಟು. ಒಬ್ಬ ಅಳಿಯ ತನಗೆ ಬಂದ ಬೆಳ್ಳಿ ತಟ್ಟೆಯ ಬದಲು ದುಡ್ಡೇ ಕೊಡಿ ಅಂತ ಮಾವನಿಗೆ ಹೇಳಿ, ಅದನ್ನು ತಂದು ಕೊಟ್ಟ. ತಿಂಗಳ ಕೊನೆಗೆ 71,000 ಆಗಿತ್ತು.

ಅದಾದ ಮೇಲಿನ ಅಧಿಕ ಮಾಸ 2026ರಲ್ಲಿ, ಅಧಿಕ ಜ್ಯೇಷ್ಠ. ಮೇ 17ರಿಂದ ಜೂನ್ 15. ಅದರಲ್ಲಿ ಅರ್ಧ ತಿಂಗಳು ಮೀನುಗಾರಿಕೆ ಬಂದ್ ಆದ ಮೇಲೆ ಬೀಳುತ್ತದೆ, ಅದೇ ವರ್ಷ ಸಿರ್ಸಿ ಜಾತ್ರೆಯೂ ಇದೆ. ಅದಕ್ಕೇ 2025ರ ದೀಪಾವಳಿಯಿಂದಲೇ 33ರ ರಸೀದಿ ಪುಸ್ತಕ ಅಚ್ಚು ಹಾಕಿಸಿ ಇಟ್ಟಿದ್ದೇನೆ. ಈ ಸಲ ಮೇಲೆ ಕಟ್ಟಡದ ಚಿತ್ರ ಇಲ್ಲ.