ಹೊಟ್ಟೆಯ ಮೆಸೋಥೆಲಿಯೋಮಾಗೆ ಪರಿಹಾರ ಕೊಡಿಸಿದ್ದು: ನನ್ನ ಅನುಭವ

"ಶ್ವಾಸಕೋಶದ್ದಾಗಿದ್ರೆ ನೋಡಬಹುದಿತ್ತು. ಇದು ಹೊಟ್ಟೇದು. ಕೇಸು ನಿಲ್ಲೋದಿಲ್ಲ ಬಿಡಿ." ಮೆಸೋಥೆಲಿಯೋಮಾ, ಅಂದರೆ ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನಿಂದ ಒಳಪೊರೆಗೆ ಬರುವ ಕ್ಯಾನ್ಸರ್, ಅದರಿಂದ ತೀರಿಕೊಂಡ ಕೆಲಸಗಾರರೊಬ್ಬರ ಹೆಂಡತಿಗೆ (ನಮಗೆಲ್ಲ ಅಕ್ಕ) ಪರಿಹಾರ ಕೇಳಲು ಹೊರಟಾಗ ಮೂವರು ವಕೀಲರು ನನಗೆ ಹೇಳಿದ್ದು ಇದೇ ಮಾತು. ನಮ್ಮ ಸಂಘದ ಹಿರಿಯರೊಬ್ಬರೂ "ಸುಮ್ನೆ ಆ ಅಕ್ಕನಿಗೆ ಆಸೆ ಹುಟ್ಟಿಸಬೇಡ" ಅಂದರು. 2024ರಲ್ಲಿ ಆದೇಶ ಬಂತು. ಅಸಲು, ಬಡ್ಡಿ ಸೇರಿ ಹನ್ನೆರಡೂವರೆ ಲಕ್ಷದ ಆಸುಪಾಸು. ಇಪ್ಪತ್ತು ವರ್ಷದಿಂದ ಪರಿಹಾರದ ಅರ್ಜಿ ಬರೆಯುತ್ತಿದ್ದೇನೆ. ಇಷ್ಟು ಹೆಮ್ಮೆ ಯಾವ ಕೇಸಿನಲ್ಲೂ ಆಗಿಲ್ಲ. ಕೇಸು ನಡೆದದ್ದು ಆಗ ಜಾರಿಯಲ್ಲಿದ್ದ ನೌಕರರ ಪರಿಹಾರ ಕಾಯ್ದೆಯಲ್ಲಿ (2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು); ಈ ಕೆಲಸ ಮಾಡುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಫಾರಂ ತುಂಬುವುದು ನಿಮಗೆ ಗೊತ್ತೇ ಇದೆ, ಅದನ್ನು ಹೇಳುವುದಿಲ್ಲ.

ಅಣ್ಣ (ಹಾಗೇ ಕರೆಯುತ್ತಿದ್ದೆವು) ಬಾಯ್ಲರ್ ವಿಭಾಗದಲ್ಲಿ ಲ್ಯಾಗಿಂಗ್ ಕೆಲಸ ಮಾಡುತ್ತಿದ್ದರು. ಬಿಸಿ ಪೈಪಿಗೆ ಕಲ್ನಾರು ಹಗ್ಗ ಸುತ್ತುವುದು, ಹಳೆಯದನ್ನು ಕಿತ್ತು ಹಾಕುವುದು. ಹದಿನಾಲ್ಕು ವರ್ಷ ಅದೇ ಕೆಲಸ. ಶಿಫ್ಟ್ ಮುಗಿಸಿ ಬರುವಾಗ ಹುಬ್ಬು, ರೆಪ್ಪೆಯೆಲ್ಲ ಹಿಟ್ಟಿನ ಗಿರಣಿಯವರ ಹಾಗೆ ಬೆಳ್ಳಗಿರುತ್ತಿತ್ತು. 2019ರ ಮಾರ್ಚ್‌ನಲ್ಲಿ 58ಕ್ಕೆ ನಿವೃತ್ತರಾದರು. 2021ರಲ್ಲಿ ಹೊಟ್ಟೆ ಊದಲು ಶುರುವಾಯಿತು. ಒಂದು ಸಲ ನಾಲ್ಕೂವರೆ ಲೀಟರ್ ನೀರು ತೆಗೆದರು. ಹತ್ತೇ ದಿನಕ್ಕೆ ಮತ್ತೆ ತುಂಬಿಕೊಂಡಿತು. ನೀರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣ ಸಿಗಲಿಲ್ಲ. ಹೊಟ್ಟೆಯ ಟಿಬಿ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಕೊರೋನಾ ಕಾಲ ಬೇರೆ. ಕೊನೆಗೆ ಆಗಸ್ಟ್‌ನಲ್ಲಿ ಲ್ಯಾಪ್ರೋಸ್ಕೋಪಿ ಮಾಡಿ ಚೂರು ತೆಗೆದರು. ಅಡಿನೋಕಾರ್ಸಿನೋಮಾ (ಗ್ರಂಥಿ ಕೋಶದ, ಬೇರೆ ಬಗೆಯ ಕ್ಯಾನ್ಸರ್), ಮೂಲ ಗೊತ್ತಿಲ್ಲ ಅಂತ ರಿಪೋರ್ಟ್ ಬಂತು.

ಆ ರಿಪೋರ್ಟ್ ಇಟ್ಟುಕೊಂಡು ಕೂತಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ನಾನು ಮಾಡಿದ ಮೊದಲ ಕೆಲಸ ಪ್ಯಾರಾಫಿನ್ ಬ್ಲಾಕ್ ತಂದದ್ದು. ಬೆರಳ ಉಗುರಿನಷ್ಟು ಮೇಣದ ಬಿಲ್ಲೆ, ಅದರೊಳಗೆ ಆ ಚೂರು. ಅದನ್ನು ಅರ್ಜಿ ಕೊಟ್ಟು ಕೇಳಬೇಕು. ಲ್ಯಾಬ್‌ನವರು ಅದನ್ನು ಎಂದೆಂದಿಗೂ ಇಟ್ಟುಕೊಂಡಿರುವುದಿಲ್ಲ. ಬೇರೆ ಲ್ಯಾಬಿನಲ್ಲಿ ಇಮ್ಯುನೋ (ಚೂರಿಗೆ ಬಣ್ಣ ಹಚ್ಚಿ ಕ್ಯಾನ್ಸರ್ ಯಾವ ಬಗೆಯದು ಅಂತ ಗುರುತಿಸುವ ಪರೀಕ್ಷೆ) ಮಾಡಿಸಿದೆವು. ಒಂಬತ್ತು ಸಾವಿರ ಆಯಿತು. ಕ್ಯಾಲ್‌ರೆಟಿನಿನ್ ಪಾಸಿಟಿವ್, ಡಬ್ಲ್ಯೂಟಿ1 ಪಾಸಿಟಿವ್, ಸಿಇಎ ನೆಗೆಟಿವ್. ಅಂದರೆ ಪೆರಿಟೋನಿಯಂನ ಮೆಸೋಥೆಲಿಯೋಮಾ. ಹೊಟ್ಟೆಯೊಳಗಿನ ತೆಳು ಪೊರೆಯದು, ಜಠರದ್ದಲ್ಲ. ಈ ವ್ಯತ್ಯಾಸವನ್ನು ಮುಂದೆ ನಾನೇ ಮರೆತು ಪೆಟ್ಟು ತಿಂದೆ.

ಚಿಕಿತ್ಸೆಯ ಬಗ್ಗೆ ಎರಡು ಮಾತು. ಗಡ್ಡೆಯನ್ನೆಲ್ಲ ಕೆರೆದು ತೆಗೆದು, ಬಿಸಿ ಕೀಮೋ ದ್ರವವನ್ನು ಹೊಟ್ಟೆಯೊಳಗೇ ಸುತ್ತಾಡಿಸುವ ಹೈಪೆಕ್ ಅಂತ ಆಪರೇಷನ್ ಇದೆ. ಸರಿಯಾದ ಹೊತ್ತಿಗೆ ಸಿಕ್ಕಿದವರಲ್ಲಿ ಅನೇಕರು ಹಲವು ವರ್ಷ ಬದುಕುತ್ತಾರೆ. ಖಾಸಗಿಯಲ್ಲಿ ನಮಗೆ ಹೇಳಿದ್ದು ಹತ್ತು ಲಕ್ಷ. ಮಗ ಸೈಟು ಮಾರಲು ತಯಾರಾಗಿದ್ದ. ಆದರೆ ಅಷ್ಟರಲ್ಲಿ ಸಣ್ಣ ಕರುಳಿನ ಉದ್ದಕ್ಕೂ ಹರಡಿತ್ತು, ಸರ್ಜನ್ ಬೇಡ ಅಂದರು. ಪೆಮೆಟ್ರೆಕ್ಸೆಡ್, ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಆರು ಸುತ್ತು ಕೊಟ್ಟರು. ಜೊತೆಗೆ ಬಿ12 ಚುಚ್ಚುಮದ್ದು, ಫೋಲಿಕ್ ಆಸಿಡ್. ಒಂದೊಂದು ಸುತ್ತಿಗೂ ಹೆಚ್ಚುಕಡಿಮೆ 20 ಸಾವಿರ ಬಿತ್ತು. ಟಿಬಿ ಮಾತ್ರೆಯಲ್ಲಿ ಕಳೆದ ಆ ತಿಂಗಳುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಣ್ಣ 2022ರ ಸೆಪ್ಟೆಂಬರ್‌ನಲ್ಲಿ ಹೋದರು.

ಡಿಸೆಂಬರ್‌ನಲ್ಲಿ ಅಕ್ಕನ ಹೆಸರಲ್ಲಿ ಅರ್ಜಿ ಹಾಕಿದೆವು. ಅದರಲ್ಲಿ ನಾನು "ಹೊಟ್ಟೆಯ ಕ್ಯಾನ್ಸರ್" ಅಂತ ಬರೆದುಬಿಟ್ಟಿದ್ದೆ. ಕಂಪನಿಯ ವಕೀಲರು ಅದನ್ನೇ ಹಿಡಿದುಕೊಂಡರು. ಜಠರದ ಕ್ಯಾನ್ಸರ್ ಮೂರನೇ ಷೆಡ್ಯೂಲಿನಲ್ಲಿ (ಪರಿಹಾರ ಸಿಗುವ ಕೆಲಸದ ರೋಗಗಳ ಪಟ್ಟಿ) ಇಲ್ಲ, ಅರ್ಜಿ ವಜಾ ಮಾಡಿ ಅಂದರು. ತಿದ್ದುಪಡಿ ಮಾಡಿಸಿಕೊಳ್ಳಲು ಏಳು ತಿಂಗಳು ಹೋಯಿತು. ಕಾಯ್ದೆ ಮೂರು ತಿಂಗಳಲ್ಲಿ ಮುಗಿಸಿ ಅನ್ನುತ್ತಿತ್ತು, ಅದು ನಿಮಗೂ ಗೊತ್ತು, ನನಗೂ ಗೊತ್ತು. ಷೆಡ್ಯೂಲಿನ ಬಿ ಭಾಗದಲ್ಲಿ ಕಲ್ನಾರಿನ ಬಗ್ಗೆ ಇದ್ದದ್ದು ಇಷ್ಟು: ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಸೋಥೆಲಿಯೋಮಾಗಳು. ಕೊನೆಯ "ಗಳು" ನೋಡಿ. ಎದೆಯದು ಅಂತ ಇಲ್ಲ, ಹೊಟ್ಟೆಯದು ಅಂತಲೂ ಇಲ್ಲ. ಇಂಗ್ಲಿಷ್ ಮೂಲದಲ್ಲೂ ಬಹುವಚನವೇ. ನಮ್ಮ ವಾದ ಪೂರ್ತಿ ನಿಂತದ್ದು ಆ ಒಂದು ಪದದ ಮೇಲೆ.

ಆದರೂ ಕಂಪನಿ ಪರ ಡಾಕ್ಟರು ಧೂಳು ಹೋಗುವುದು ಶ್ವಾಸಕೋಶಕ್ಕೆ, ಹೊಟ್ಟೆಗಲ್ಲ ಅಂತ ಸಾಕ್ಷಿ ಹೇಳಿದರು. ಇಲ್ಲಿ ಕೈಹಿಡಿದದ್ದು ಹಳೇ ಸಿಟಿ ಸ್ಕ್ಯಾನ್. ಕೀಮೋಗೆ ಮುಂಚೆ ಎದೆಯಿಂದ ಸೊಂಟದವರೆಗೆ ತೆಗೆದದ್ದು. ರಿಪೋರ್ಟಿನಲ್ಲಿ ಎದೆಯ ಬಗ್ಗೆ ಒಂದೇ ಸಾಲು. ಸಿಡಿ ತೆಗೆದುಕೊಂಡು ಹೋಗಿ ಇನ್ನೊಬ್ಬ ರೇಡಿಯಾಲಜಿಸ್ಟ್ ಹತ್ತಿರ ಮತ್ತೆ ಓದಿಸಿದೆ. 1,500 ರೂಪಾಯಿ. ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಮೇಲೆ ಎರಡೂ ಕಡೆ ಸುಣ್ಣಗಟ್ಟಿದ ಪ್ಲಾಕ್‌ಗಳು, ಅಂದರೆ ಗಟ್ಟಿ ಮಚ್ಚೆಗಳು. ಕಲ್ನಾರು ದೇಹದೊಳಗೆ ಹೋಗಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇಕಾ? ಡಾಕ್ಟರಿಗೆ ನಮ್ಮ ವಕೀಲರಿಂದ ಮೂರು ಪ್ರಶ್ನೆ ಕೇಳಿಸಿದೆ. ಮೂರನೆಯದಕ್ಕೆ ಅವರು ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ಇನ್ನೂ ಎರಡು ಕೇಸು ನನ್ನ ಕೈಯಲ್ಲಿವೆ.

ದಾಖಲೆಯ ವಿಷಯ. ಕಲ್ನಾರು ಕೆಲಸಗಾರರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿವರೆಗೆ ಇಡಬೇಕು ಅಂತ 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪು ಹೆಸರಿಸಿ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಬರೆದೆ. "ದಾಖಲೆ ಲಭ್ಯವಿಲ್ಲ" ಅಂತ ಲೆಟರ್‌ಹೆಡ್‌ನಲ್ಲೇ ಉತ್ತರ ಬಂತು. ದಾಖಲೆಯೇ ಸಿಕ್ಕಿದ್ದರೂ ನಮಗೆ ಆ ಉತ್ತರದಷ್ಟು ಉಪಯೋಗ ಆಗುತ್ತಿರಲಿಲ್ಲವೇನೋ. ಇ.ಎಸ್.ಐ.ಗೆ (ನೌಕರರ ರಾಜ್ಯ ವಿಮೆ) ಹೋಗಲಿ ಅಂತಲೂ ವಾದ ಬಂತು. ಸಂಬಳ ಮಿತಿ ದಾಟಿ ಅಣ್ಣ ಎಷ್ಟೋ ವರ್ಷದ ಹಿಂದೆಯೇ ಅದರಿಂದ ಹೊರಗಿದ್ದರು. ಅದಕ್ಕೊಂದು ಪತ್ರ ಮೊದಲೇ ತರಿಸಿಟ್ಟಿದ್ದೆ. ಜೊತೆ ಕೆಲಸಗಾರರ ಅಫಿಡವಿಟ್‌ಗೆ ಜಾಸ್ತಿ ಕಷ್ಟಪಟ್ಟೆ. ಐವರನ್ನು ಕೇಳಿದರೆ ಬಂದವರು ಮೂವರು. ಒಬ್ಬರ ಮಗ ಅಲ್ಲೇ ಕಾಂಟ್ರಾಕ್ಟ್‌ನಲ್ಲಿದ್ದ. ಅವರನ್ನು ಒತ್ತಾಯ ಮಾಡಲಿಲ್ಲ.

ದುಡ್ಡು ನಿಜವಾಗಿ ನಿರ್ಧಾರವಾದದ್ದು ಒಂದು ಓಪಿ ಚೀಟಿಯಿಂದ. ಕೆಲಸ ಬಿಟ್ಟ ಎರಡು ವರ್ಷದೊಳಗೆ ರೋಗಲಕ್ಷಣ ಕಂಡರೆ, ಕಂಡ ದಿನವೇ ಅಪಘಾತದ ದಿನ ಅಂತ ಕಾಯ್ದೆಯ ಕಲಂ 10 ಹೇಳುತ್ತಿತ್ತು. ದೊಡ್ಡ ಆಸ್ಪತ್ರೆಯ ಮೊದಲ ಕಾಗದ 2021ರ ಏಪ್ರಿಲ್‌ನದು. ಅಂದರೆ ಎರಡು ವರ್ಷ ದಾಟಿತ್ತು. ಅದಕ್ಕೂ ಮುಂಚೆ ಎಲ್ಲಾದರೂ ತೋರಿಸಿದ್ರಾ ಅಂತ ಅಕ್ಕನನ್ನು ಎಷ್ಟು ಸಲ ಕೇಳಿದೆನೋ. ಒಂದು ದಿನ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಚೀಟಿ ಹೊರಗೆ ತೆಗೆದರು. ಊರಿನ ಡಾಕ್ಟರದು. ಫೆಬ್ರವರಿ 2021. "ಹೊಟ್ಟೆ ಉಬ್ಬರ, ನೀರು ಇರಬಹುದು, ಸ್ಕ್ಯಾನ್ ಮಾಡಿಸಿ." ಮೊಹರು ಮಾಸಿತ್ತು, ತಾರೀಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ನಿವೃತ್ತಿಯಾಗಿ ಇಪ್ಪತ್ಮೂರು ತಿಂಗಳಿಗೆ. ಆ ಡಾಕ್ಟರು ಬಂದು ನನ್ನದೇ ಅಕ್ಷರ ಅಂತ ಸಾಕ್ಷಿ ಹೇಳಿದರು. ಟ್ಯಾಕ್ಸಿ ಬಾಡಿಗೆ ಕೂಡ ತೆಗೆದುಕೊಳ್ಳಲಿಲ್ಲ.

ಲೆಕ್ಕ ಮಾಡಿ ನೋಡಿ. ಸಾವಿನ ಪರಿಹಾರ ಅಂದರೆ ತಿಂಗಳ ಸಂಬಳದ ಅರ್ಧ (ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೊಂದು ಮಿತಿ), ಗುಣಿಸು ವಯಸ್ಸಿನ ಫ್ಯಾಕ್ಟರ್. ನಿವೃತ್ತಿಯ ದಿನ ಹಿಡಿದರೆ ಸಂಬಳದ ಮಿತಿ 8,000. ಅರ್ಧ 4,000. ಚೀಟಿಯ ದಿನಕ್ಕೆ ಅಣ್ಣನಿಗೆ 59, ಫ್ಯಾಕ್ಟರ್ 121.05. ಕಂಪನಿ 59ರ ಫ್ಯಾಕ್ಟರನ್ನು ಒಪ್ಪಿಕೊಂಡು, ಮಿತಿ ಮಾತ್ರ ಹಳೆಯದು ಅಂತ ಹಟ ಹಿಡಿಯಿತು. ಹಾಗಾದರೆ 4,84,200. ಮಿತಿ 15,000ಕ್ಕೆ ಏರಿದ್ದು 2020ರ ಜನವರಿಯಲ್ಲಿ. ಚೀಟಿಯ ದಿನ ಅಪಘಾತದ ದಿನವಾದರೆ 7,500 ಗುಣಿಸು 121.05, ಅಂದರೆ 9,07,875. ಅರ್ಜಿ ತೀರ್ಮಾನಿಸುವ ಕಮಿಷನರ್ ನಮ್ಮ ಲೆಕ್ಕವನ್ನೇ ಒಪ್ಪಿದರು. ಮೇಲೆ ಶೇ. 12 ಬಡ್ಡಿ, ಮೂರು ವರ್ಷ ಚಿಲ್ಲರೆಗೆ. ದಂಡ ಹಾಕಲಿಲ್ಲ. ಆಸ್ಪತ್ರೆ ಖರ್ಚು ಕೇಳಿದ್ದು ಐದು ಲಕ್ಷದ ಮೇಲೆ, ಬಿಲ್ ಇದ್ದದ್ದು ಅರ್ಧಕ್ಕೂ ಕಡಿಮೆ. ಅದರ ವಾದ ಇನ್ನೂ ಬಾಕಿ ಇದೆ. ಅಪೀಲು ಹೋಗಬೇಕಾದರೆ ಕಂಪನಿ ಮೊದಲು ಪೂರ್ತಿ ದುಡ್ಡು ಠೇವಣಿ ಇಡಬೇಕಿತ್ತಲ್ವಾ, ಹೋಗಲಿಲ್ಲ. ನಮ್ಮ ಖರ್ಚು ವಕೀಲರ ಫೀಸೂ ಸೇರಿ 70 ಸಾವಿರದ ಹತ್ತಿರ. ಬಂದ ದುಡ್ಡಿನಲ್ಲಿ ಪರ್ಸೆಂಟೇಜ್ ಮಾತು ಬೇಡ ಅಂತ ವಕೀಲರಿಂದ ಮೊದಲೇ ಕೈ ಹಿಡಿದು ಹೇಳಿಸಿಕೊಂಡಿದ್ದೆ.

ನಡುವೆ ಕೆಲವು ಬೇರೆ ದಾರಿಯನ್ನೂ ನೋಡಿದೆ. ಗುಜರಿಯಲ್ಲಿ ಸಿಕ್ಕ ಹಳೇ ಹಗ್ಗದ ತುಂಡನ್ನು ಲ್ಯಾಬಿಗೆ ಕಳಿಸಿದೆ. ನಾಲ್ಕು ಸಾವಿರ ಹೋಯಿತು. ಕ್ರೈಸೋಟೈಲ್, ಬಿಳಿ ಕಲ್ನಾರು ಅಂತ ಬಂತು. ಎಲ್ಲಿಂದ ತಂದೆ ಅನ್ನುವುದಕ್ಕೆ ಮಹಜರು ಇಲ್ಲ, ಹಾಗಾಗಿ ಸಾಕ್ಷ್ಯವಾಗಿ ತೆಗೆದುಕೊಳ್ಳಲಿಲ್ಲ. ಅಮೆರಿಕದಲ್ಲಿರುವ ಅಣ್ಣನ ಅಳಿಯ ಅಲ್ಲಿ ದಿವಾಳಿಯಾದ ಕಲ್ನಾರು ಕಂಪನಿಗಳ ಪರವಾಗಿ ಪರಿಹಾರ ಕೊಡುವ ಟ್ರಸ್ಟ್‌ಗಳಿವೆ, ಜಾನ್ಸ್ ಮ್ಯಾನ್‌ವಿಲ್‌ನಂಥವು, ಪ್ರಯತ್ನಿಸೋಣ ಅಂದ. ಒಬ್ಬ ವಕೀಲರಿಗೆ ಬರೆದೆವು. ಆಯಾ ಕಂಪನಿಯ ಸರಕಿನಿಂದಲೇ ಧೂಳು ತಗುಲಿತ್ತು ಅಂತ ತೋರಿಸಬೇಕು, ನಮ್ಮ ಹಗ್ಗದ ಮೇಲೆ ಯಾವ ಹೆಸರೂ ಇರಲಿಲ್ಲ. ಬಿಟ್ಟೆವು.

ಅಕ್ಕ ಹದಿನಾಲ್ಕು ವರ್ಷ ಆ ಬಟ್ಟೆಗಳನ್ನು ಒಗೆಯುವ ಕಲ್ಲಿನ ಮೇಲೆ ಕೊಡವಿ ಒಗೆದವರು. ಹೋದ ತಿಂಗಳು ಅವರ ಎದೆಯ ಸಿಟಿ ಮಾಡಿಸಿದೆ. ಸದ್ಯ ಏನೂ ಇಲ್ಲ, ವರ್ಷಕ್ಕೊಮ್ಮೆ ನೋಡಿ ಅಂದಿದ್ದಾರೆ. ಅಣ್ಣನ ಜೊತೆ ಲ್ಯಾಗಿಂಗ್ ಮಾಡುತ್ತಿದ್ದ ಇನ್ನೊಬ್ಬರಿಗೆ ಈಗ ಹೊಟ್ಟೆಯಲ್ಲಿ ನೀರು. ಬಯಾಪ್ಸಿ ಆಗಿದೆ, ಬ್ಲಾಕ್ ಇನ್ನೂ ಲ್ಯಾಬಿನಲ್ಲೇ ಇದೆ. ಸೋಮವಾರ ಅವರ ಮಗನನ್ನು ಕರೆದುಕೊಂಡು ಹೋಗಿ ತರುತ್ತೇನೆ.