ಒಂದೇ ಮಾನಿಟರ್ ಸಾಕು ಅಂದಿದ್ದು

ಬ್ರಿಟನ್ನಿನ ಕಂಪನಿಯೊಂದಕ್ಕೆ ಬೆಂಗಳೂರಿನ ಮನೆಯಿಂದ ಕೆಲಸ ಮಾಡುತ್ತಿದ್ದೆ. ಎರಡನೇ ಮಾನಿಟರ್ ಬರುವುದು ತಡ ಆಗುತ್ತದೆ ಅಂತ ಮೇಲ್ ಬಂತು. ಪರವಾಗಿಲ್ಲ, ಒಂದರಲ್ಲೇ ಸುಧಾರಿಸುತ್ತೇನೆ ಅಂತ ಹೇಳಲು ಹೋಗಿ ‘ಐ ಕುಡ್ ಡು ವಿತ್ ಒನ್ ಮಾನಿಟರ್’ ಎಂದು ಬರೆದೆ. ಕ್ಷಮೆ ಕೇಳಿ ಉತ್ತರ ಬಂತು. ನನ್ನ ಹತ್ತಿರ ಒಂದೂ ಇಲ್ಲ ಅಂದುಕೊಂಡಿದ್ದರು!

‘ಕುಡ್ ಡು ವಿತ್’ ಅಂದರೆ ‘ಇದ್ದಿದ್ದರೆ ಚೆನ್ನಾಗಿತ್ತು’ ಅಂತ. ನನಗೆ ಬೇಕಾಗಿದ್ದದ್ದು ‘ಐ ಕ್ಯಾನ್ ಮೇಕ್ ಡು ವಿತ್ ಒನ್’. ಒಂದು ‘ಮೇಕ್’ ಬಿಟ್ಟುಹೋಗಿ ಅರ್ಥ ಉಲ್ಟಾ ಹೊಡೆಯಿತು. ಭೂತಕಾಲದಲ್ಲೂ ‘ಮೇಕ್’ ಮಾತ್ರ ಬದಲಾಗುತ್ತದೆ: ‘ಮೇಡ್ ಡು’. ‘ಮೇಕ್ ಡಿಡ್’ ಅಂತಲೂ ಒಮ್ಮೆ ಬರೆದಿದ್ದೇನೆ, ಬಿಡಿ.

ಆಮೇಲೆ ಇವನ್ನೆಲ್ಲ ನಮ್ಮ ಅಡುಗೆಮನೆಯಲ್ಲಿಟ್ಟು ಕಲಿತೆ. ಹಾಲು ಮುಗಿದು ಕಪ್ಪು ಕಾಫಿ ಕುಡಿದರೆ ‘ಮೇಕ್ ಡು’. ಕಾಫಿಯೇ ಬೇಡ ಅಂತ ಸುಮ್ನೆ ಕೂತರೆ ‘ಡು ವಿತೌಟ್’. ಇರುವ ಚೂರು ಕಾಫಿಪುಡಿಗೆ ಚಿಕೋರಿ ಬೆರೆಸಿ ವಾರ ತಳ್ಳಿದರೆ ‘ಈಕ್ ಔಟ್’. ಇದು ನನಗೆ ತುಂಬಾ ಇಷ್ಟ. ‘ಈಕ್’ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಹೆಚ್ಚಿಸು, ಸೇರಿಸು ಅಂತ. ‘ನಿಕ್‌ನೇಮ್’ ಹುಟ್ಟಿದ್ದೂ ಇದರಿಂದಲೇ. ಮೊದಲು ಅದು ‘ಆನ್ ಈಕ್ ನೇಮ್’, ಅಂದರೆ ಸೇರಿಸಿದ ಹೆಸರು. ಆ ‘ನ್’ ಜಾರಿ ಪಕ್ಕದ ಪದಕ್ಕೆ ಅಂಟಿಕೊಂಡಿತು.

ಸಂಬಳ ತಿಂಗಳ ಕೊನೆವರೆಗೆ ತೂಗಿಸುವುದು ‘ಮೇಕ್ ಎಂಡ್ಸ್ ಮೀಟ್’. ಹೇಗೋ ನಡೀತಿದೆ ಅನ್ನಲು ‘ಗೆಟ್ಟಿಂಗ್ ಬೈ’. ಅದೂ ಕಷ್ಟದಲ್ಲಿದ್ದರೆ ‘ಸ್ಕ್ರೇಪಿಂಗ್ ಬೈ’, ಪಾತ್ರೆಯ ತಳ ಕೆರೆದ ಹಾಗೆ.

‘ಮೇಕ್ ಡು’ ಅಂದರೆ ಬಡತನ ತೋಡಿಕೊಂಡಂತೆ ಆಗುತ್ತದೇನೋ ಅಂತ ಮೊದಲು ನಾಚಿಕೆ ಇತ್ತು. ಆದರೆ ಬ್ರಿಟನ್ನಿನಲ್ಲಿ ಅದು ಸರ್ಕಾರದ ಘೋಷಣೆಯೇ ಆಗಿತ್ತು. ಯುದ್ಧಕಾಲದಲ್ಲಿ, 1941ರ ಜೂನ್‌ನಿಂದ, ಅಲ್ಲಿ ಬಟ್ಟೆಗೂ ರೇಷನ್. ಹಳೆ ಬಟ್ಟೆಗೆ ತೇಪೆ ಹಾಕಿ ಉಡುವುದು ಹೇಗೆ ಅಂತ 1943ರಲ್ಲಿ ಸರ್ಕಾರವೇ ‘ಮೇಕ್ ಡು ಅಂಡ್ ಮೆಂಡ್’ ಎಂಬ ಪುಸ್ತಿಕೆ ತಂದಿತು. ಇದು ಗೊತ್ತಾದ ಮೇಲೆ ಆ ಮಾತನ್ನು ಧಾರಾಳವಾಗಿ ಬಳಸುತ್ತಿದ್ದೇನೆ.

ಇನ್ನು ನಮ್ಮ ಬಸ್ಸಿನ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಇದೆಯಲ್ವಾ? ಅಲ್ಲಿನವರಿಗೆ ‘ಪ್ಲೀಸ್ ಅಡ್ಜಸ್ಟ್’ ಅಂದರೆ ಏನನ್ನು ತಿರುಗಿಸಬೇಕು ಅಂತ ನೋಡುತ್ತಾರೆ. ಮೂವರ ಸೀಟಿನಲ್ಲಿ ನಾಲ್ಕನೆಯವರು ಕೂರಬೇಕಾದರೆ ಅವರು ಹೇಳುವುದು ‘ಬಜ್ ಅಪ್’.