ಕರೆಂಟಿನ ಕೆಲಸಕ್ಕೆ ಯಾವ ಏಣಿ? ಫೈಬರ್‌ಗ್ಲಾಸ್ ತಗೊಳ್ಳುವವರು ಗೊತ್ತಿಟ್ಕೊಳ್ಬೇಕಾದ್ದು

ಮಳೆಗಾಲ ಹತ್ರ ಬಂತು ಅಂದ್ರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಎಲ್ಲಾ ಮನೆಗಳಲ್ಲೂ ಏಣಿ ಹೊರಗೆ ಬರ್ತದೆ. ಹಂಚು ಸರಿ ಮಾಡ್ಲಿಕ್ಕೆ, ಮಾಡಿನ ಕಸ ತೆಗೀಲಿಕ್ಕೆ, ಅಂಗಳದ ಲೈಟು ಬದಲಿಸ್ಲಿಕ್ಕೆ, ಪಂಪ್ ಶೆಡ್ಡಿಗೆ ಹೋಗುವ ವಯರು ಎತ್ತಿ ಕಟ್ಲಿಕ್ಕೆ, ಎಲ್ಲದಕ್ಕೂ ಅದೇ ಒಂದು ಏಣಿ, ಅದೂ ಹೆಚ್ಚಿನ ಕಡೆ ಅಲ್ಯುಮಿನಿಯಂದು. ಹಂಚಿಗೆ, ಕಸಕ್ಕೆ ಅದು ಸಾಕು, ಮೇಲೆ ಹತ್ರ ಲೈನ್ ಇಲ್ಲದಿದ್ರೆ. ಆದ್ರೆ ಕರೆಂಟಿನ ಕೆಲಸಕ್ಕೆ ಅಲ್ಯುಮಿನಿಯಂ ಏಣಿ ಬೇಡವೇ ಬೇಡ, ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಹಾಗಾದ್ರೆ ಫೈಬರ್‌ಗ್ಲಾಸ್ ತಗೊಂಡ್ರೆ ಮುಗೀತಾ ಅಂತ ಕೇಳಿದ್ರೆ, ಅಲ್ಲ. ತಗೊಳ್ಳಿ, ನಾನೂ ಅದನ್ನೇ ಹೇಳುದು, ಆದ್ರೆ ಅದರ ತೊಂದರೆಗಳನ್ನು ತಿಳ್ಕೊಂಡು ತಗೊಳ್ಳಿ, ಯಾಕಂದ್ರೆ ಅದು ಒಣಗಿ, ಕ್ಲೀನಾಗಿ, ಬಿರುಕಿಲ್ಲದೆ ಇದ್ದಾಗ ಮಾತ್ರ ಕರೆಂಟು ತಡೀತದೆ, ನಮ್ಮ ಊರಿನ ಹವೆಯಲ್ಲಿ ಈ ಮೂರೂ ಒಟ್ಟಿಗೆ ಉಳಿಸ್ಕೊಳ್ಳುದು ಸುಲಭದ ಕೆಲಸ ಅಲ್ಲ.

ಏಣಿಗೆ ಮೊದಲು ಒಂದು ವಿಷಯ. ಎಂಥಾ ಏಣಿ ಇದ್ರೂ ಮೊದಲು ಕರೆಂಟು ಆಫ್ ಮಾಡ್ಬೇಕು, ಆಮೇಲೆ ಹತ್ತುದು. ಗೋಡೆಯ ಸ್ವಿಚ್ ಆಫ್ ಮಾಡಿದ್ರೆ ಸಾಲುದಿಲ್ಲ, ಫೇಸು ನ್ಯೂಟ್ರಲು ಎರಡನ್ನೂ ಕಟ್ ಮಾಡುವ ಡಬಲ್ ಪೋಲ್ ಮೈನ್ ಸ್ವಿಚ್ಚೇ ಆಫ್ ಆಗ್ಬೇಕು. ಮೈನ್ ಆಫ್ ಮಾಡಿದ್ರೂ ಇನ್ವರ್ಟರ್ ಇದ್ದ ಮನೇಲಿ ಇನ್ವರ್ಟರ್ ಲೈನ್ ಜೀವಂತ ಇರ್ತದೆ, ಹೆಚ್ಚಿನವರು ಮರೆಯುದು ಇದನ್ನೇ, ಫ್ಯಾನು ನಿಂತಿತು ಅಂತ ಧೈರ್ಯ ಮಾಡಿ ಲೈಟಿನ ಹೋಲ್ಡರಿಗೆ ಕೈ ಹಾಕ್ತಾರೆ. ಮಾಡಿನ ಮೇಲೆ ಸೋಲಾರ್ ಇದ್ರೆ ಪ್ಯಾನೆಲಿಂದ ಇಳಿಯುವ ಡಿಸಿ ವಯರಲ್ಲಿ ಬಿಸಿಲಿದ್ದಷ್ಟು ಹೊತ್ತೂ ವೋಲ್ಟೇಜ್ ಉಂಟು, ಅದಕ್ಕೆ ನಿಮ್ಮ ಮೈನ್ ಸ್ವಿಚ್ಚಿನ ಲೆಕ್ಕವೇ ಇಲ್ಲ. ಮತ್ತೆ "ನಮ್ಮಲ್ಲಿ ಆರ್‌ಸಿಸಿಬಿ ಉಂಟು, ಎಂತ ಆಗುದಿಲ್ಲ" ಅಂತ ಹೇಳುವವರಿಗೆ: ಕರೆಂಟು ಸೋರಿದ್ರೆ ಲೈನ್ ಕಟ್ ಮಾಡುವ 30 ಮಿಲಿ ಆಂಪಿಯರಿನ ಆ ಬ್ರೇಕರ್ ತನ್ನಿಂದ ಮುಂದಿನ ವಯರಿಂಗಿಗೆ ಮಾತ್ರ ಕಾವಲು. ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವಯರು ಅದಕ್ಕಿಂತ ಹಿಂದೆ ಉಂಟು, ಏಣಿ ತಾಗುದು ಹೆಚ್ಚಾಗಿ ಅಲ್ಲಿಗೇ, ಆಗ ಬ್ರೇಕರಿಗೆ ಸುದ್ದಿಯೂ ಇರುದಿಲ್ಲ.

ಇನ್ನು ಫೈಬರ್‌ಗ್ಲಾಸ್ ಅಂದ್ರೆ ಎಂತ ಅಂತ ನೋಡುವ. ಗಾಜಿನ ಸಣ್ಣ ಎಳೆಗಳನ್ನು ರೆಸಿನ್ನಿನಲ್ಲಿ ಅದ್ದಿ ಎಳೆದು ಗಟ್ಟಿ ಮಾಡಿದ್ದು. ಎಳೆ ಬಲ ಕೊಡ್ತದೆ, ರೆಸಿನ್ ಅದನ್ನು ಹಿಡಿದು ನೀರು ಒಳಗೆ ಹೋಗದ ಹಾಗೆ ಮುಚ್ತದೆ. ಹೆಚ್ಚಿನ ಏಣಿಗಳಲ್ಲಿ ಎರಡು ಬದಿಯ ಕಾಲು ಮಾತ್ರ ಫೈಬರ್‌ಗ್ಲಾಸ್, ಮೆಟ್ಟಿಲು ಅಲ್ಯುಮಿನಿಯಂದೇ. ಅಂದ್ರೆ ಕರೆಂಟು ತಡೆಯುದು ಒಂದು ಮೆಟ್ಟಿಲಿಂದ ಇನ್ನೊಂದು ಮೆಟ್ಟಿಲಿನ ನಡುವೆ ಇರುವ ಆ ಕಾಲಿನ ತುಂಡುಗಳು. ಆ ತುಂಡಿನ ಮೇಲೆ ಎಂತ ಮೆತ್ತಿಕೊಂಡಿದೆ ಅನ್ನುದೇ ದೊಡ್ಡ ಪ್ರಶ್ನೆ.

ನಮ್ಮ ತೋಟದವರು ಇದನ್ನು ಸರಿಯಾಗಿ ನೋಡ್ಬೇಕು. ಅದೇ ಏಣಿಯನ್ನು ಕಾಳುಮೆಣಸಿಗೆ ಬೋರ್ಡೋ ಹೊಡೀಲಿಕ್ಕೆ ತಗೊಂಡು ಹೋಗ್ತಾರೆ, ಮೈಲುತುತ್ತು ಸುಣ್ಣದ ನೀರು ಏಣಿಯ ಕಾಲಿನ ಮೇಲೆ ಇಳಿದು ನೀಲಿ ಗೆರೆಯಾಗಿ ಒಣಗ್ತದೆ. ಒಣಗಿದಾಗ ಎಂತ ತೋರುದಿಲ್ಲ. ಜೂನಿನ ತಂಡಿ ಗಾಳಿಗೆ ಆ ಗೆರೆ ಪಸೆ ಹಿಡಿದ್ರೆ ಮೇಲಿಂದ ಕೆಳಗೆ ತನಕ ಕರೆಂಟು ಹರಿಯುವ ದಾರಿ ಆಗ್ತದೆ. ಉಪ್ಪಳ, ಕುಂಬಳೆ, ಮಂಜೇಶ್ವರ ಅಂತ ಕಡಲ ಬದಿಯಲ್ಲಿ ಇರುವವರಿಗೆ ಬೋರ್ಡೋ ಬೇಕಂತಲೂ ಇಲ್ಲ, ಉಪ್ಪು ಗಾಳಿಯೇ ಸಾಕು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಜೂನಿಂದ ಸೆಪ್ಟೆಂಬರ್ ತನಕ ಹೊರಗಿಟ್ಟ ಏಣಿ ಒಣಗಿದೆ ಅಂತ ಕಣ್ಣಳತೆಯಲ್ಲಿ ಹೇಳ್ಲಿಕ್ಕಾಗುದಿಲ್ಲ. ಹಾಗಾಗಿ ಕರೆಂಟಿನ ಕೆಲಸದ ಏಣಿ ತೋಟಕ್ಕೆ ಹೋಗ್ಬಾರ್ದು. ಒಂದೇ ಏಣಿಯಲ್ಲಿ ಎರಡೂ ಮಾಡುವ ಉಳಿತಾಯ ನಮಗೆ ಬೇಡ.

ಎರಡನೇ ತೊಂದರೆ ಬಿಸಿಲು. ಅಂಗಳದಲ್ಲಿ ಬಿಟ್ಟ ಫೈಬರ್‌ಗ್ಲಾಸ್ ಏಣಿಯ ರೆಸಿನ್ ಬಿಸಿಲಿನ ಅಲ್ಟ್ರಾವಯಲೆಟ್ಟಿಗೆ ಸವೀತಾ ಬರ್ತದೆ, ಮೊದಲು ಬಣ್ಣ ಮಾಸ್ತದೆ, ಆಮೇಲೆ ಕೈಗೆ ಬಿಳಿ ಹುಡಿ ಹಿಡೀತದೆ, ಕೊನೆಗೆ ಗಾಜಿನ ಎಳೆಗಳು ಹೊರಗೆ ಏಳ್ತವೆ. ಮುಟ್ಟಿದ್ರೆ ತುರಿಕೆ, ಚರ್ಮದೊಳಗೆ ಸಣ್ಣ ಸಣ್ಣ ಚುಚ್ಚು. ತುರಿಕೆಯಾದ್ರೂ ಹೋಗಲಿ, ಎದ್ದ ಎಳೆಗಳ ಸಂದಿನಲ್ಲಿ ನೀರು, ಕೊಳೆ ಸೇರ್ತದೆ ಅನ್ನುದೇ ಭಯದ ವಿಷಯ. ಒಂದು ಹತ್ತಿ ಬಟ್ಟೆ ತಗೊಂಡು ಕಾಲಿನ ಮೇಲಿಂದ ಕೆಳಗೆ ಎಳೆದು ನೋಡಿ. ಬಟ್ಟೆ ಅಲ್ಲಲ್ಲಿ ಸಿಕ್ಕಿಕೊಂಡ್ರೆ ಎಳೆ ಎದ್ದಿದೆ ಅಂತಲೇ ಲೆಕ್ಕ.

ಮೂರನೇದು ಬಿರುಕು. ಅಲ್ಯುಮಿನಿಯಂ ಬಿದ್ರೆ ಬಗ್ತದೆ, ಬಗ್ಗಿದ್ದು ಕಣ್ಣಿಗೆ ಕಾಣ್ತದೆ. ಫೈಬರ್‌ಗ್ಲಾಸ್ ಹಾಗಲ್ಲ, ಜೀಪಿನ ಮೇಲಿಂದ ಮುರಕಲ್ಲಿನ ಮೇಲೆ ಬಿದ್ರೂ ಹೊರಗಿಂದ ಚಂದವೇ ಕಾಣ್ತದೆ, ಒಳಗೆ ಪದರ ಬಿಟ್ಟಿರ್ತದೆ. ಮೆಟ್ಟಿಲು ಕೂಡುವ ರಿವೆಟ್ಟಿನ ಸುತ್ತ, ಕೆಳಗಿನ ಪಾದದ ಹತ್ರ ಬಿಳಿ ಗೆರೆ ಉಂಟಾ ನೋಡಿ. ನಾಣ್ಯದಿಂದ ತಟ್ಟುತ್ತಾ ಬನ್ನಿ, ಟಣ್ ಅನ್ನುವ ಸ್ವರ ಎಲ್ಲಿ ಮಂದ ಆಗ್ತದೋ ಅಲ್ಲಿ ಒಳಗೆ ಬಿಟ್ಟಿದೆ ಅಂತ ಸಂಶಯ ಮಾಡಿ. ಬಿರುಕು ಕಂಡ ಏಣಿಗೆ ಟೇಪು ಸುತ್ತುದು, ಎಂ-ಸೀಲ್ ಹಚ್ಚುದು, ಪೈಂಟ್ ಹೊಡೆಯುದು ಎಲ್ಲ ಬೇಡ, ಪೈಂಟ್ ಬಿರುಕನ್ನು ಮುಚ್ತದೆ ಬಿಟ್ರೆ ಸೇರಿಸುದಿಲ್ಲ. ಕೊಕ್ಕೆ ಸಿಕ್ಕಿಸ್ಲಿಕ್ಕೆ ಅಂತ ತೂತು ಕೊರೆಯುದೂ ಬೇಡ.

ಭಾರ, ರೇಟು ಬಗ್ಗೆ ಹೆಚ್ಚು ಹೇಳ್ಲಿಕ್ಕಿಲ್ಲ. ಅಷ್ಟೇ ಉದ್ದದ ಅಲ್ಯುಮಿನಿಯಂ ಏಣಿಗಿಂತ ಭಾರವೂ ಜಾಸ್ತಿ, ದುಡ್ಡೂ ಜಾಸ್ತಿ. ಉದ್ದದ ಎಕ್ಸ್‌ಟೆನ್ಶನ್ ಏಣಿ ಆದ್ರೆ ಎತ್ತಿ ನಿಲ್ಲಿಸ್ಲಿಕ್ಕೆ ಇಬ್ಬರು ಬೇಕೇ ಬೇಕು, ಒಬ್ಬನೇ ಎತ್ತುವಾಗ ಬ್ಯಾಲೆನ್ಸ್ ತಪ್ಪಿ ಲೈನಿಗೆ ವಾಲುವುದು ಅಲ್ಲೇ.

ಇನ್ನೊಂದು ತೊಂದರೆ ವೈರಿಂಗ್ ಮಾಡುವವರಲ್ಲೂ ಸುಮಾರು ಜನಕ್ಕೆ ಗೊತ್ತಿಲ್ಲ. ನಮ್ಮ ಕಿಸೆಯಲ್ಲಿರುವ ನಿಯಾನ್ ಟೆಸ್ಟರ್ ಉರಿಯುದು ನಮ್ಮ ಮೈ ಮೂಲಕ ಭೂಮಿಗೆ ಹೋಗುವ ತೀರಾ ಸಣ್ಣ ಕರೆಂಟಿನಿಂದ. ಒಳ್ಳೆ ಇನ್ಸುಲೇಶನ್ ಇರುವ ಏಣಿ ಮೇಲೆ ನಿಂತ್ರೆ ಆ ದಾರಿ ಕಮ್ಮಿ ಆಗ್ತದೆ, ಬಲ್ಬು ಮಂಕಾಗ್ತದೆ, ಹಗಲು ಬೆಳಕಿಗೆ ಉರಿಯುದೇ ಕಾಣುದಿಲ್ಲ. ಕರೆಂಟಿಲ್ಲ ಅಂತ ಕೈ ಹಾಕಿದ್ರೆ, ವಯರಲ್ಲಿ 230 ವೋಲ್ಟು ಕೂತಿರ್ತದೆ. ಅದಕ್ಕೆ ಏಣಿ ಮೇಲೆ ಎರಡು ಪಿನ್ನಿನ ಟೆಸ್ಟರ್ ಅಥವಾ ಮಲ್ಟಿಮೀಟರ್ ಉಪಯೋಗಿಸಿ, ಫೇಸಿಗೂ ನ್ಯೂಟ್ರಲಿಗೂ, ಫೇಸಿಗೂ ಅರ್ತಿಗೂ ಇಟ್ಟು ನೋಡಿ. ನೋಡುವ ಮೊದಲು ಕರೆಂಟು ಇದ್ದೇ ಇದೆ ಅಂತ ಗೊತ್ತಿರುವ ಪ್ಲಗ್ಗಿನಲ್ಲಿ ಮೀಟರ್ ಕೆಲಸ ಮಾಡ್ತದಾ ಚೆಕ್ ಮಾಡಿ, ನೋಡಿದ ಮೇಲೆ ಪುನಃ ಅಲ್ಲೇ ಚೆಕ್ ಮಾಡಿ. ಮೈನ್ ಆಫ್ ಮಾಡಿದ್ರೆ ಆ ಪ್ಲಗ್ಗೂ ಸತ್ತಿರ್ತದೆ, ಇನ್ವರ್ಟರಿನ ಪ್ಲಗ್ ಪಾಯಿಂಟ್ ಆಗ ಉಪಕಾರಕ್ಕೆ ಬರ್ತದೆ.

ಏಣಿ ತಡೆಯುದು ನಿಮ್ಮ ಕೈಯಿಂದ ನಿಮ್ಮ ಕಾಲಿನ ಮೂಲಕ ನೆಲಕ್ಕೆ ಹೋಗುವ ದಾರಿಯನ್ನು ಮಾತ್ರ. ಒಂದು ಕೈಯಲ್ಲಿ ಫೇಸು, ಇನ್ನೊಂದು ಕೈ ನ್ಯೂಟ್ರಲಿಗೋ, ಒದ್ದೆ ಮುರಕಲ್ಲಿನ ಗೋಡೆಗೋ, ಜಿಐ ಪೈಪಿಗೋ ತಾಗಿದ್ರೆ ಕರೆಂಟು ಎದೆಯ ಮೇಲಿಂದಲೇ ಹೋಗ್ತದೆ, ನೀವು ಯಾವ ಏಣಿಯ ಮೇಲೆ ನಿಂತಿದ್ದೀರಿ ಅಂತ ಅದು ನೋಡುದಿಲ್ಲ.

ಇಲ್ಲೇ ಅಡಿಕೆ ಕೊಯ್ಯುವ, ಔಷಧಿ ಬಿಡುವ ದೋಟಿ ಬಗ್ಗೆಯೂ ಹೇಳ್ಬೇಕು, ಏಣಿಯ ವಿಷಯ ಅಲ್ಲದಿದ್ರೂ ಸರಿ. ಈಗ ತೋಟಗಳಿಗೆ ಬಂದಿರುವ ಕಪ್ಪು ಬಣ್ಣದ ಹಗುರ ದೋಟಿ ಕಾರ್ಬನ್ ಫೈಬರಿಂದು. ಅದನ್ನೂ ಜನ ಫೈಬರ್ ಅಂತಲೇ ಕರೀತಾರೆ, ಏಣಿಯ ಹಾಗೆ ಕರೆಂಟು ತಡೀತದೆ ಅಂತ ತಿಳ್ಕೊಳ್ತಾರೆ. ಕಾರ್ಬನ್ ಫೈಬರ್ ಕರೆಂಟು ಹಾಯಿಸ್ತದೆ. ಅಲ್ಯುಮಿನಿಯಂ ದೋಟಿಗೆ ಎಷ್ಟು ಹೆದರ್ತೀರೋ ಅದಕ್ಕೂ ಅಷ್ಟೇ ಹೆದರಿ. ದಯವಿಟ್ಟು ಇದನ್ನು ನಿಮ್ಮ ತೋಟಕ್ಕೆ ಬರುವ ಕೆಲಸದವರಿಗೂ ಹೇಳಿ.

ತೋಟದ ಮೇಲೆ ಹಾದುಹೋಗುವ 11 ಕೆವಿ (11,000 ವೋಲ್ಟಿನ) ಲೈನಿನ ಹತ್ರ ಅಂತೂ ಯಾವ ಏಣಿಯೂ ಬೇಡ. ಕಟ್ಟಡದ ಮೇಲಿಂದ ಹಾದುಹೋದ್ರೆ ಆ ಲೈನಿಗೂ ಮಾಡಿಗೂ 3.7 ಮೀಟರ್ ಅಂತರ ಬೇಕು ಅಂತ ನಮ್ಮ ದೇಶದ ನಿಯಮ. ಕೇಳ್ಲಿಕ್ಕೆ ಸುಮಾರು ಎತ್ತರ, ಆದ್ರೆ ಟೆರೇಸಿನ ಮೇಲೆ 12 ಅಡಿ ಏಣಿ ನೆಟ್ಟಗೆ ನಿಲ್ಲಿಸಿದ್ರೆ ಅದೇ 3.66 ಮೀಟರ್ ಆಯ್ತು. ನೀವಾಗಲಿ ಏಣಿಯಾಗಲಿ ದೋಟಿಯಾಗಲಿ ಲೈನಿಂದ 3 ಮೀಟರ್ ದೂರ ಇರ್ಬೇಕು, ಏಣಿ ಒಯ್ಯುವಾಗ ಮಲಗಿಸಿಯೇ ಒಯ್ಯಬೇಕು. ಕಂಬ, ಸರ್ವಿಸ್ ವಯರು, ಲೈನಿಗೆ ಬಿದ್ದ ಸೋಗೆ ಇದೆಲ್ಲ ಕೇರಳದ ಕರೆಂಟಿನ ಬೋರ್ಡು ಕೆಎಸ್‌ಇಬಿಯ ಕೆಲಸ, 1912 ಕ್ಕೆ ಫೋನ್ ಮಾಡಿ ಕಾಯಿರಿ. ಮಳೆಯಲ್ಲಿ ಕಾಯುದು ಕಷ್ಟ ಅಂತ ಗೊತ್ತುಂಟು, ಆದ್ರೂ ಕಾಯಿರಿ.

ಅಂಗಡಿಯಲ್ಲಿ ತಗೊಳ್ಳುವಾಗ ಲೇಬಲ್ ಓದಿ. ಯುರೋಪಿನ ಸ್ಟ್ಯಾಂಡರ್ಡ್ ಇಎನ್ 131 ಅಂತ ಇದ್ರೆ ಅದು ಮುಖ್ಯವಾಗಿ ಏಣಿಯ ಗಟ್ಟಿತನದ್ದು, 150 ಕೆಜಿ ತನಕದ ಭಾರಕ್ಕೆ. ಇನ್ಸುಲೇಶನ್ ಏಣಿಗಳಿಗಂತಲೇ ಇರುವ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಐಇಸಿ 61478, ಅಮೆರಿಕದ ಮಾಲಾದ್ರೆ ಫೈಬರ್‌ಗ್ಲಾಸಿಗೆ ಎಎನ್‌ಎಸ್‌ಐ ಎ14.5. ಮೇಲಿನ ಕೊಕ್ಕೆ ಲೋಹದ್ದಾ ನೋಡಿ, ಎಕ್ಸ್‌ಟೆನ್ಶನ್ ಏಣಿಗೆ ಸ್ಟೀಲ್ ವಯರಿನ ಹಗ್ಗ ಇದ್ರೆ ಬೇಡ ಅನ್ನಿ. ನಿಮ್ಮ ತೂಕದ ಜೊತೆ ಟೂಲ್ ಬ್ಯಾಗಿನ ತೂಕವೂ ಸೇರಿಸಿ ಲೆಕ್ಕ ಹಾಕಿ. ದುಡ್ಡಿಲ್ಲ ಅನ್ನುವವರಿಗೆ ಬಿದಿರಿನ ಏಣಿ ಆಗ್ತದಾ ಅಂದ್ರೆ, ಒಳಗಿಟ್ಟ ಒಣ ಬಿದಿರು ಅಲ್ಯುಮಿನಿಯಂಗಿಂತ ಎಷ್ಟೋ ವಾಸಿ, ಕಬ್ಬಿಣದ ಸರಿಗೆ ಸುತ್ತದೆ ಹಗ್ಗದಲ್ಲೇ ಕಟ್ಟಿದ್ದಾದ್ರೆ. ಹಸಿ ಬಿದಿರು, ಮಳೆಗೆ ನೆನೆದ ಬಿದಿರು ಬೇಡ.

ನಿಲ್ಲಿಸುವ ಕ್ರಮ ಗೋಡೆಗೆ ಒರಗಿಸುವ ಎಲ್ಲಾ ಏಣಿಗೂ ಒಂದೇ. ಎತ್ತರದ ನಾಲ್ಕನೇ ಒಂದು ಭಾಗ ಗೋಡೆಯಿಂದ ದೂರ, ಅಂದ್ರೆ 12 ಅಡಿಗೆ 3 ಅಡಿ. ಪಾಚಿ ಹಿಡಿದ ಅಂಗಳದಲ್ಲಿ ಕೆರೆಸಿ ಒರೆಸಿ ಆಮೇಲೆ ಇಡಿ, ಮಣ್ಣು ಮೆತ್ತಗಿದ್ರೆ ಕೆಳಗೆ ಅಗಲದ ಹಲಗೆ ಕೊಡಿ. ಮೇಲ್ತುದಿ ಕಟ್ಟಿ, ಕೆಳಗೆ ಒಬ್ಬರು ಹಿಡ್ಕೊಳ್ಳಲಿ, ಆ ಒಬ್ಬರಿಗೆ ಮೈನ್ ಸ್ವಿಚ್ ಎಲ್ಲುಂಟು ಅಂತ ಮೊದಲೇ ತೋರಿಸಿಡಿ.

ಕೆಲಸ ಮುಗಿದ ಮೇಲೆ ಸೋಪು ನೀರಲ್ಲಿ ತೊಳೆದು, ಒಳ್ಳೆ ನೀರು ಹೊಯ್ದು, ನೆರಳಲ್ಲಿ ಒಣಗಿಸಿ ಮನೆಯೊಳಗೆ ಅಡ್ಡ ತೂಗುಹಾಕಿ. ಮಳೆಗಾಲದ ಮೊದಲೊಮ್ಮೆ ಕಾಲಿಗೆ ಮಾತ್ರ ಕಾರಿನ ವ್ಯಾಕ್ಸ್ ತಿಕ್ಕಿದ್ರೆ ರೆಸಿನ್ ಉಳೀತದೆ, ನೀರೂ ನಿಲ್ಲುದಿಲ್ಲ, ಮೆಟ್ಟಿಲಿಗೆ ತಾಗಿಸ್ಬೇಡಿ, ಕಾಲು ಜಾರ್ತದೆ. ಹಾಳಾದ ಮೇಲೆ ಗುಜರಿಯವರು ಇದನ್ನು ಅಲ್ಯುಮಿನಿಯಂ ಹಾಗೆ ಆಸೆಯಿಂದ ತಗೊಳ್ಳುದಿಲ್ಲ, ಹಾಗಾಗಿ ಅದು ಶೆಡ್ಡಿನ ಹಿಂದೆ ಉಳಿದು ಯಾರೋ ಒಬ್ಬ ತಿಳಿಯದೆ ಪುನಃ ಹತ್ತುತ್ತಾನೆ. ಅದಕ್ಕೆ ಮಾಸ್ಕು, ಗ್ಲೌಸು ಹಾಕ್ಕೊಂಡು ಕಾಲುಗಳನ್ನು ನಡುವಿಗೆ ಗರಗಸದಲ್ಲಿ ಕೊಯ್ದು ತುಂಡು ಮಾಡಿಡಿ, ಕೊಯ್ಯುವಾಗ ನೀರು ಚಿಮುಕಿಸ್ತಾ ಇದ್ರೆ ಗಾಜಿನ ಹುಡಿ ಹಾರುದಿಲ್ಲ, ಒಲೆಗೆ ಮಾತ್ರ ಹಾಕ್ಬೇಡಿ.